ನೆವಿಲ್ ನೋಡದ ಇನ್ನೂರ ನಲವತ್ತನಾಲ್ಕು ಚಿತ್ರಗಳು

ಕಾವೂರು ಕೆರೆಯ ಹಿಂದಿನ ಓಣಿಯಲ್ಲಿ ನೆವಿಲ್‌ನ ಕೆಲಸವೇನೆಂದು ಸರಿಯಾಗಿ ಬಲ್ಲವರು ಯಾರೂ ಇಲ್ಲ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಅವನ ತಾಯಿ ಆನಿ ಟೀಚರ್, ಕೇಳಿದವರಿಗೆಲ್ಲ "ನಮ್ಮವ ಕಂಪ್ಯೂಟರಿನ ತಪ್ಪು ತಿದ್ದುವುದು" ಎಂದು ಹೇಳಿ ಮುಗಿಸುತ್ತಾರೆ. ತಮ್ಮ ಕಸುಬೇ ಮಗನಿಗೂ ಬಂತೆಂಬ ಸಂತೋಷ ಅವರದು. ಪೂರ್ತಿ ನಿಜ ಹಾಗಿಲ್ಲ. ತಿದ್ದುವವರು ಬೇರೆಯೇ ಇದ್ದಾರೆ. ನೆವಿಲ್ ತಪ್ಪನ್ನು ಬೆರಳು ಮಾಡಿ ತೋರಿಸಿ, ತೋರಿಸಿದ್ದಕ್ಕೆ ಬೈಸಿಕೊಂಡು, ಸಂಜೆ ಆರೂವರೆಗೆ ಮನೆಗೆ ಬರುವವನು.

ಹೆದರಿಕೆ ಅವನಿಗೆ ಹುಟ್ಟಿನಿಂದ ಬಂದದ್ದು; ಅದಕ್ಕೆ ಸಂಬಳ ಸಿಗತೊಡಗಿದ್ದು ಮಾತ್ರ ನಾಲ್ಕು ವರ್ಷದಿಂದ. ಸ್ಕೂಟರಿಗೆ ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ಹಿಂದೆ ಬಂದು ಮತ್ತೊಮ್ಮೆ ಎಳೆದು ನೋಡುವವನು. ಚರ್ಚಿನಲ್ಲಿ ಬಲಿಪೂಜೆಯ ನಡುವೆ ತಾಯಿಯ ಕಿವಿಯಲ್ಲಿ "ಗ್ಯಾಸ್ ಬಂದ್ ಮಾಡಿದ್ದೀರಾ?" ಎಂದು ಕೇಳುವವನು. ಬಿಸಿಎ ಮುಗಿಸಿ ಮೊದಲ ಸಂದರ್ಶನಕ್ಕೆ ಹೋದಾಗ ಬೋರ್ಡಿನ ಮೇಲೆ ಹತ್ತು ಸಾಲು ಕೋಡ್ ಬರೆಯಲು ಹೇಳಿದ್ದರು. ಬರೆದ. ಅವರು ಬಾಯಿ ತೆರೆಯುವ ಮೊದಲೇ "ಸರ್, ಇದರಲ್ಲಿ ಮೂರು ತಪ್ಪು ಉಂಟು" ಎಂದು ತಾನೇ ತೋರಿಸಿಕೊಟ್ಟ. ಕೆಲಸ ಸಿಗಲಿಲ್ಲ. ಆದರೆ ಸಂದರ್ಶನ ಮಾಡಿದವರು ನಗು ತಡೆಯಲಾಗದೆ ಸುರತ್ಕಲ್ಲಿನ ತಮ್ಮ ಗೆಳೆಯ ರೂಪೇಶರಿಗೆ ಫೋನ್ ಮಾಡಿದರು: "ಒಬ್ಬ ಇದ್ದಾನೆ ಮಾರಾಯ, ನಾವು ಕೇಳುವ ಮೊದಲೇ ತಪ್ಪೊಪ್ಪಿಕೊಳ್ತಾನೆ. ನಿನಗೆ ಟೆಸ್ಟಿಂಗಿಗೆ ಆದೀತು."

ಹೀಗೆ ನೆವಿಲ್ ರೂಪೇಶಣ್ಣನ ಕಂಪೆನಿಗೆ ಬಂದ. ಹೆದ್ದಾರಿಯ ಪಕ್ಕದ ಕಟ್ಟಡ, ಎರಡನೆಯ ಮಹಡಿ, ಏಳು ಜನ, ಎಂಟು ಕುರ್ಚಿ. ಅವರ ದೊಡ್ಡ ಗಿರಾಕಿ ನಗರದೊಳಗಿನ ಒಂದು ಆಸ್ಪತ್ರೆ. ಯಾವ ಹಾಸಿಗೆಯಲ್ಲಿ ಯಾರು, ಯಾವ ಹೊತ್ತಿಗೆ ಯಾವ ಔಷಧಿ, ಯಾರಿಗೆ ಯಾವ ಮದ್ದು ಆಗುವುದಿಲ್ಲ ಎಂದು ತೋರಿಸುವ ಸಾಫ್ಟ್‌ವೇರನ್ನು ಹದಿನೈದು ವರ್ಷದ ಹಿಂದೆ ರೂಪೇಶಣ್ಣ ತಾವೇ ಬರೆದಿದ್ದರು. ಅದು ಈಗಲೂ ವಾರ್ಡಿನ ದೊಡ್ಡ ಕಂಪ್ಯೂಟರುಗಳಲ್ಲಿ ಓಡುತ್ತಿತ್ತು. ಆಸ್ಪತ್ರೆಯವರಿಗೆ ಈಗ ಅದು ಬ್ರೌಸರಿನಲ್ಲಿ ಬೇಕಾಯಿತು. ಟ್ಯಾಬ್ ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗುವಂತಿರಬೇಕು ಎಂದರು. ಹೊಸದಾಗಿ ಬರೆಯಲು ಒಂದು ವರ್ಷ ಬೇಕು. ಹಳೆಯ ಕೋಡನ್ನೇ ಬ್ರೌಸರಿಗೆ ಅರ್ಥವಾಗುವ ರೂಪಕ್ಕೆ ಕಂಪೈಲ್ ಮಾಡಿದರೆ ಮೂರು ತಿಂಗಳು ಸಾಕು ಎಂದು ಅಶ್ಮಿತಾ ಹೇಳಿದಳು. ಕಾಟಿಪಳ್ಳದಿಂದ ದಿನಾ ಬಸ್ಸಿನಲ್ಲಿ ಬರುವ, ಮಾತು ಕಮ್ಮಿಯ ಅಶ್ಮಿತಾ ಹೇಳಿದ್ದನ್ನು ಮೂರೇ ತಿಂಗಳಲ್ಲಿ ಮಾಡಿಯೂ ತೋರಿಸಿದಳು.

ನೆವಿಲ್‌ಗೆ ತಲೆನೋವು ಶುರುವಾದದ್ದು ಅಲ್ಲಿಂದ. ಸಾಮಾನ್ಯ ವೆಬ್ ಪುಟವಾದರೆ ಒಳಗೆ ಪ್ರತಿಯೊಂದು ಗುಂಡಿಗೂ ಹೆಸರಿರುತ್ತದೆ. ಪರೀಕ್ಷೆಯ ಪ್ರೋಗ್ರಾಮಿಗೆ "ಸೇವ್ ಗುಂಡಿ ಒತ್ತು" ಎಂದರೆ ಅದೇ ಹುಡುಕಿ ಒತ್ತುತ್ತದೆ. ಹೀಗೆ ಕಂಪೈಲ್ ಆಗಿ ಬಂದದ್ದರಲ್ಲಿ ಗುಂಡಿಯೂ ಇಲ್ಲ, ಹೆಸರೂ ಇಲ್ಲ. ಬ್ರೌಸರಿನ ಲೆಕ್ಕಕ್ಕೆ ಇಡೀ ಪರದೆ ಒಂದೇ ಒಂದು ಚಿತ್ರ; ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದ ಹಾಗೆ. ಆದ್ದರಿಂದ ನೆವಿಲ್ ಕಣ್ಣು ಕಟ್ಟಿದವನಿಗೆ ದಾರಿ ಹೇಳುವಂತೆ ಬರೆಯಬೇಕಾಯಿತು: ಎಡದಿಂದ ಇಷ್ಟು ಚುಕ್ಕೆ ಹೋಗು, ಮೇಲಿನಿಂದ ಇಷ್ಟು ಇಳಿ, ಒತ್ತು, ಪರದೆಯ ಫೋಟೋ ತೆಗೆ, ಮೊದಲೇ ತೆಗೆದಿಟ್ಟ ಸರಿಯಾದ ಫೋಟೋದ ಜತೆ ಹೋಲಿಸು. ಚುಕ್ಕೆಗೆ ಚುಕ್ಕೆ ಕೂಡಿದರೆ ಹಸಿರು. ಎಲ್ಲಾದರೂ ತಪ್ಪಿದರೆ ಕೆಂಪು.

ಸರಿಯೆಂದು ಇಟ್ಟುಕೊಂಡ ಆ ಫೋಟೋಗೆ ಈ ಕಸುಬಿನಲ್ಲಿ ಗೋಲ್ಡನ್ ಎನ್ನುತ್ತಾರೆ. ನೆವಿಲ್‌ನ ಬಳಿ ಮುನ್ನೂರ ನಲವತ್ತೆರಡು ಗೋಲ್ಡನ್ ಇದ್ದವು. ಪರದೆಯನ್ನು ಬೇಕೆಂದೇ ಬದಲಾಯಿಸಿದಾಗ ಹಳೆಯ ಗೋಲ್ಡನ್ ತೆಗೆದು ಬದಿಗಿಟ್ಟು ಹೊಸ ಫೋಟೋವನ್ನು ಆ ಜಾಗಕ್ಕೆ ಕೂರಿಸಬೇಕು. ಒಂದೊಂದನ್ನೇ ತೆರೆದು, ಹಳೆಯದು ಹೊಸದು ಎರಡನ್ನೂ ನೋಡಿ, ಒಪ್ಪಬೇಕು. ಆದರೆ ಎಲ್ಲವನ್ನೂ ಒಂದೇ ಏಟಿಗೆ ಒಪ್ಪಿಬಿಡುವ ಗುಂಡಿಯೂ ಅಲ್ಲೇ ಪಕ್ಕದಲ್ಲಿ ಇತ್ತು. ಮನುಷ್ಯರ ಸೋಮಾರಿತನವನ್ನು ಚೆನ್ನಾಗಿ ಬಲ್ಲ ಯಾರೋ ಅದನ್ನು ಇಟ್ಟಿರಬೇಕು.

ಸೆಪ್ಟೆಂಬರಿನ ಮೊದಲ ಶುಕ್ರವಾರ ಬೆಳಿಗ್ಗೆ ನೆವಿಲ್ ಬಂದು ನೋಡಿದರೆ ಮುನ್ನೂರ ಹದಿನೆಂಟು ಪರೀಕ್ಷೆ ಕೆಂಪು.

"ಎಂತ ನೆವಿಲ್, ಹೋಮದ ಬೆಂಕಿಯ ಹಾಗೆ ಉಂಟಲ್ಲ ನಿನ್ನ ಸ್ಕ್ರೀನು?" ಎಂದರು ಹಿಂದಿನಿಂದ ರೂಪೇಶಣ್ಣ.

"ಬ್ರೌಸರ್ ಅಪ್‌ಡೇಟ್ ಆದದ್ದು ರೂಪೇಶಣ್ಣ. ಅಕ್ಷರದ ಅಂಚು ಒಂದು ಕೂದಲಿನಷ್ಟು ದಪ್ಪ ಆಗಿದೆ, ಅಷ್ಟೇ. ಆದ್ರೆ ಒಂದೊಂದೇ ನೋಡಿ ಒಪ್ಪಬೇಕು. ಎರಡು ಮೂರು ದಿನ ಬೇಕು."

"ಎರಡು ಮೂರು ದಿನವಾ? ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಶಿಫ್ಟ್ ಬದಲಾಗುವಾಗ ಆಸ್ಪತ್ರೆಯಲ್ಲಿ ಹೊಸದು ಶುರು ಮಾಡುವುದು ಅಂತ ಮಾತಾಗಿ ಆಗಿದೆ. ಮತ್ತೆ ಸೋಮವಾರ ನಿನಗೆ ರಜೆ ಬೇರೆ ಬೇಕು, ಅಲ್ವಾ? ನಿಮ್ಮ ತೆನೆ ಹಬ್ಬ."

"ಮೊಂತಿ ಫೆಸ್ತ್. ಮಮ್ಮಿ ಒಂದು ತಿಂಗಳಿಂದ ಹೇಳ್ತಾ ಇದ್ದಾರೆ."

"ಹೋಗು ಮಾರಾಯ, ಬೇಡ ಹೇಳಿದ್ದು ಯಾರು? ನಾಳೆ ಸಂಜೆಗೆ ಎಲ್ಲ ಹಸಿರು ತೋರಿಸು, ಸೋಮವಾರ ಆರಾಮದಲ್ಲಿ ಪಾಯಸ ತಿನ್ನು."

ಮೊಂತಿ ಫೆಸ್ತ್ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ತಪ್ಪಿಸಿಕೊಳ್ಳಲಾಗದ ಹಬ್ಬ. ಚರ್ಚಿನಲ್ಲಿ, ಅವರ ಮಾತಿನಲ್ಲಿ ಇಗರ್ಜಿಯಲ್ಲಿ, ಆಶೀರ್ವಾದ ಮಾಡಿ ಕೊಟ್ಟ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ಕಾಳನ್ನು ತೆಂಗಿನ ಹಾಲಿಗೆ ಸೇರಿಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚಿದ ಮೇಲೆಯೇ ಬಾಳೆಲೆಯ ಊಟ. ಈ ವರ್ಷ ಹಂಚುವ ಸರದಿ ನೆವಿಲ್‌ನ ತಂದೆ ಯೂಸ್ಟೇಸರದು. ಇಪ್ಪತ್ತೆರಡು ವರ್ಷ ಕುವೈಟಿನಲ್ಲಿದ್ದು ಬಂದವರು, ಅಷ್ಟು ವರ್ಷ ಅಂಚೆಯ ಲಕೋಟೆಯಲ್ಲಿ ಬಂದ ನಾಲ್ಕು ಕಾಳನ್ನು ತಿಂದವರು. ಹದಿನಾಲ್ಕು ಜನ ಸೇರುವವರಿದ್ದರು. ಮಗ ಇಲ್ಲದಿದ್ದರೆ ಆನಿ ಟೀಚರ್ ಬೈಯುವುದಿಲ್ಲ. ಬರೀ ಒಂದು ಎಲೆ ಖಾಲಿ ಹಾಕಿಸಿ ಇಡುತ್ತಾರೆ. ಅದಕ್ಕಿಂತ ಬೈಗುಳವೇ ವಾಸಿ.

ಶನಿವಾರ ಬೆಳಿಗ್ಗೆ ಪರೀಕ್ಷೆಯನ್ನು ಹೊಸದಾಗಿ ಓಡಿಸಿ, ಬಂದ ಮುನ್ನೂರ ಹದಿನೆಂಟು ಕೆಂಪನ್ನು ನೆವಿಲ್ ಪ್ರಾಮಾಣಿಕವಾಗಿಯೇ ನೋಡತೊಡಗಿದ. ಒಂದು, ಎರಡು, ಮೂರು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಲಾಗಿನ್ ಪರದೆ, ಅಪಾಯಿಂಟ್‌ಮೆಂಟ್ ಪರದೆ, ಹೆಸರು ಹುಡುಕುವ ಪರದೆ. ಎಲ್ಲದರಲ್ಲೂ ಅದೇ ದಪ್ಪ ಅಂಚು. ಮೂವತ್ತರ ಹೊತ್ತಿಗೆ ಕಣ್ಣು ಉರಿಯತೊಡಗಿತು. ಐವತ್ತರ ಹೊತ್ತಿಗೆ ತಾನು ನೋಡುತ್ತಿದ್ದೇನೋ, ನೋಡಿದ ಹಾಗೆ ಮಾಡುತ್ತಿದ್ದೇನೋ ಎಂಬುದೇ ಅವನಿಗೆ ಸ್ಪಷ್ಟವಾಗಲಿಲ್ಲ. ಎಪ್ಪತ್ತನಾಲ್ಕು ಮುಗಿದಾಗ ಗಂಟೆ ನಾಲ್ಕೂ ಕಾಲು. ಇನ್ನು ಇನ್ನೂರ ನಲವತ್ತನಾಲ್ಕು. ಎಪ್ಪತ್ತನಾಲ್ಕರಲ್ಲಿ ಒಂದೇ ಒಂದು ನಿಜವಾದ ತಪ್ಪು ಸಿಕ್ಕಿರಲಿಲ್ಲ. ಒಂದು ಅನ್ನದ ಅಗುಳು ಹಿಸುಕಿ ನೋಡಿದರೆ ಪಾತ್ರೆಯ ಅನ್ನವೆಲ್ಲ ತಿಳಿಯುತ್ತದಂತೆ. ತಾನು ಎಪ್ಪತ್ತನಾಲ್ಕು ಅಗುಳು ಹಿಸುಕಿದ್ದೇನೆ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡ. ಹೇಳಿಕೊಂಡು ಆ ಗುಂಡಿ ಒತ್ತಿದ.

ಎರಡು ಸೆಕೆಂಡು ಬೇಕಾಯಿತು. ಮತ್ತೆ ಪರೀಕ್ಷೆ ಓಡಿಸಿದ. ನಲವತ್ತು ನಿಮಿಷದಲ್ಲಿ ಎಲ್ಲ ಹಸಿರು. ಹಸಿರಾಗದೆ ಏನು? ಆಗ ತಾನೇ ತೆಗೆದ ಫೋಟೋವನ್ನು ಅದೇ ಫೋಟೋದ ಜತೆ ಹೋಲಿಸಿದ್ದು. ಆದರೂ ಆ ಹಸಿರಿನ ಚಿತ್ರವನ್ನು ಕಂಪೆನಿಯ ಗ್ರೂಪಿಗೆ ಹಾಕುವಾಗ ನೆವಿಲ್‌ನ ಎದೆಯಲ್ಲಿ ಸಣ್ಣದೊಂದು ಹೆಮ್ಮೆ ಎದ್ದಿತು. ರೂಪೇಶಣ್ಣ ಹೆಬ್ಬೆರಳು ಎತ್ತಿದರು. ಅಶ್ಮಿತಾ ಕೂಡ ಎತ್ತಿದಳು.

ಭಾನುವಾರ ಅವನಿಗೆ ಊಟ ಸೇರಲಿಲ್ಲ. ಸೆಖೆ ಎಂದ.

ಸೋಮವಾರ ಬೆಳಿಗ್ಗೆ ಬಲಿಪೂಜೆ ಮುಗಿದು, ಎಲ್ಲರೂ ತೆನೆಯ ಸಾಲಿನಲ್ಲಿ ನಿಂತಿದ್ದರು. ಮಕ್ಕಳ ಹೂವಿನ ತಟ್ಟೆಗಳು, ಕಬ್ಬಿನ ತುಂಡುಗಳು, ಮಳೆಯಲ್ಲಿ ಅರ್ಧ ನೆನೆದ ಸೀರೆಗಳು. ನೆವಿಲ್‌ನ ಕಿಸೆಯಲ್ಲಿ ಫೋನ್ ನಡುಗಿತು. ಅಶ್ಮಿತಾ ಬರೆದಿದ್ದಳು. ಎರಡು ಸಾಲಿಗಿಂತ ಹೆಚ್ಚು ಬರೆಯದ ಅಶ್ಮಿತಾ ಇವತ್ತು ನಾಲ್ಕು ಸಾಲು ಬರೆದಿದ್ದಳು.

"ಹಬ್ಬದ ಶುಭಾಶಯ. ಶುಕ್ರವಾರ ಸಂಜೆ ನಾನು ಅಲರ್ಜಿಯ ಕೆಂಪು ಪಟ್ಟಿಯನ್ನು ಹೆಸರಿನ ಕೆಳಗೆ ತಂದಿದ್ದೆ, ಟ್ಯಾಬಿನಲ್ಲಿ ಅದು ಬೆಡ್ ನಂಬರನ್ನು ಮುಚ್ಚುತ್ತಿತ್ತು ಅಂತ. ಕೊನೆಯ ಗಳಿಗೆಯಲ್ಲಿ ಕೈ ಹಾಕಿದ್ದಕ್ಕೆ ಹೆದರಿಕೆ ಇತ್ತು. ನಿನ್ನದು ಹಸಿರು ಬಂತಲ್ಲ, ನೆಮ್ಮದಿ ಆಯ್ತು."

ನೆವಿಲ್ ಅದನ್ನು ಮೂರು ಸಲ ಓದಿದ.

ರೋಗಿಗೆ ಪೆನಿಸಿಲಿನ್‌ನಂಥ ಮದ್ದು ಆಗದಿದ್ದರೆ ಅವನ ಪುಟದ ಮೇಲೆ ಒಂದು ಕೆಂಪು ಪಟ್ಟಿ ಬರುತ್ತದೆ. ನರ್ಸುಗಳು ಇಂಜೆಕ್ಷನ್ ತುಂಬುವ ಮೊದಲು ನೋಡುವುದು ಅದನ್ನೇ. ಆ ಪುಟದ ಚಿತ್ರ ಇನ್ನೂರ ಮೂವತ್ತೊಂದನೆಯದು. ಅಶ್ಮಿತಾ ಪಟ್ಟಿಯನ್ನು ಸರಿಸಿದ್ದರೆ ಪರೀಕ್ಷೆ ಕೆಂಪಾಗಬೇಕಿತ್ತು. ಆಗಿಯೂ ಇರಬೇಕು. ಮುನ್ನೂರ ಹದಿನೆಂಟು ಕೆಂಪಿನ ನಡುವೆ ಆ ಒಂದು ಕೆಂಪನ್ನು ನೋಡದೆ ಒಪ್ಪಿದವನು ತಾನು. ಅವಳು ಇವನ ಹಸಿರನ್ನು ನಂಬಿದ್ದಾಳೆ. ಅವಳನ್ನು ರೂಪೇಶಣ್ಣ ನಂಬಿದ್ದಾರೆ. ರೂಪೇಶಣ್ಣನನ್ನು ಆಸ್ಪತ್ರೆ ನಂಬಿದೆ. ಈ ನಂಬಿಕೆಯ ತುದಿಯಲ್ಲಿ ಯಾರದೋ ತೋಳು ಇದೆ.

ಒಂದು ಫೋನ್ ಮಾಡಿದ್ದರೆ ಸಾಕಿತ್ತು. "ಅಶ್ಮಿತಾ, ನಾನು ನೋಡಲಿಲ್ಲ, ನೀನೊಮ್ಮೆ ತೆರೆದು ನೋಡು" ಎಂದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ನೆವಿಲ್‌ಗೆ ಬೇರೊಂದು ಯೋಚನೆ ಬಂತು. ಪಟ್ಟಿ ಸರಿಯಾಗಿಯೇ ಇದ್ದರೆ? ಸುಮ್ಮನೆ ಮರ್ಯಾದೆ ಕಳೆದುಕೊಳ್ಳುವುದು ಯಾಕೆ? ಮೊದಲು ತಾನೇ ಹೋಗಿ ಚಿತ್ರ ನೋಡಿ, ಸರಿಯಿದ್ದರೆ ಬಾಯಿ ಮುಚ್ಚಿ ಬಂದು ಪಾಯಸ ತಿನ್ನಬಹುದು. ಚಿತ್ರಗಳು ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ. ಬಾಗಿಲಿನ ಬೀಗದ ಕೈ ಒಂದು ಅವನ ಬಳಿಯೇ ಇತ್ತು. ಎರಡು ಗಂಟೆಗೆ ಇನ್ನೂ ನಾಲ್ಕು ತಾಸು.

ಮನೆಗೆ ಬಂದು ಹೊರಡಲು ನೆಪ ಹುಡುಕುವುದರಲ್ಲಿಯೇ ಒಂದು ತಾಸು ಹೋಯಿತು.

"ಈಗ ಎಲ್ಲಿಗೆ ಪುತಾ?" ತೆಂಗಿನಕಾಯಿ ಹೆರೆಯುತ್ತಿದ್ದ ಆನಿ ಟೀಚರ್ ತಲೆ ಎತ್ತಲಿಲ್ಲ.

"ಆಫೀಸಿಗೆ ಮಮ್ಮಿ. ಒಂದು ಸ್ವಿಚ್ ಆಫ್ ಮಾಡ್ಲಿಕ್ಕೆ ಮರೆತಿದ್ದೇನೆ."

"ಸ್ವಿಚ್ಚಾ? ಗ್ಯಾಸ್ ಬಂದ್ ಮಾಡಿದ್ದೀರಾ ಅಂತ ನನ್ನ ಪ್ರಾಣ ತಿನ್ನುವವನು ನೀನು ಸ್ವಿಚ್ ಮರೀತೀಯಾ?"

"ಒಮ್ಮೆ ಆಗ್ತದೆ ಮಮ್ಮಿ."

"ಮುಖ ಯಾಕೆ ಹಾಗೆ ಉಂಟು? ಕೆಲಸ ಹೋಯ್ತಾ?"

"ಇನ್ನೂ ಇಲ್ಲ" ಎಂದ ನೆವಿಲ್. ತಾಯಿ ಅದನ್ನು ತಮಾಷೆಯೆಂದುಕೊಂಡರು. ಅವನೂ ಹಾಗೆಯೇ ಅಂದುಕೊಳ್ಳಲು ನೋಡಿದ.

ಕೂಳೂರು ಸೇತುವೆಯ ಈಚೆಯಿಂದಲೇ ಲಾರಿಗಳ ಸಾಲು. ಮಳೆ ನಿಂತಿತ್ತು, ಹೊಂಡಗಳು ತುಂಬಿ ನಿಂತಿದ್ದವು. ಟ್ಯಾಂಕರ್ ಒಂದರ ಹಿಂದೆ ಸಿಕ್ಕಿಕೊಂಡ ನೆವಿಲ್, ಅದರ ಹಿಂಬದಿಯಲ್ಲಿ ಬರೆದ ಎಚ್ಚರಿಕೆಯನ್ನು ಇಪ್ಪತ್ತು ನಿಮಿಷ ಓದಿದ. ಆಗಲೇ ಅವನಿಗೆ ಹೊಳೆದದ್ದು, ಆಸ್ಪತ್ರೆ ಇರುವುದು ನಗರದಲ್ಲಿ, ತಾನು ಹೋಗುತ್ತಿರುವುದು ಅದಕ್ಕೆ ಬೆನ್ನು ಹಾಕಿ ಎಂದು. ಆದರೂ ತಿರುಗಲಿಲ್ಲ. ತಿರುಗಲು ಜಾಗವೂ ಇರಲಿಲ್ಲ ಎನ್ನಿ.

ಆಫೀಸಿನ ಬಾಗಿಲು ತೆರೆದಾಗ ಹನ್ನೆರಡೂವರೆ. ರೂಪೇಶಣ್ಣ, ಅಶ್ಮಿತಾ ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು, ಉಳಿದವರು ಊಟಕ್ಕೆ. ನೆವಿಲ್ ನಿಂತುಕೊಂಡೇ ಇನ್ನೂರ ಮೂವತ್ತೊಂದನ್ನು ತೆರೆದ. ಎಡಕ್ಕೆ ಹಳೆಯದು: ಹೆಸರು, ಹಾಸಿಗೆಯ ಸಂಖ್ಯೆ, ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಮದ್ದಿನ ಹೆಸರು. ಬಲಕ್ಕೆ ಹೊಸದು, ತಾನು ಚಿನ್ನವೆಂದು ಒಪ್ಪಿದ್ದು. ಹೆಸರು ಇತ್ತು. ಹಾಸಿಗೆಯ ಸಂಖ್ಯೆ ಇತ್ತು. ಪಟ್ಟಿ ಇರಲಿಲ್ಲ.

ಕುರ್ಚಿಯಲ್ಲಿ ಕುಳಿತು ಚಿತ್ರವನ್ನು ಹಿಗ್ಗಿಸಿದ. ಹೆಸರಿನ ನೀಲಿ ಚೌಕದ ಕೆಳಗೆ ಹೊಲಿಗೆಯ ನೂಲಿನಷ್ಟು ಕೆಂಪು ಗೆರೆ ಒಂದು ಇಣುಕುತ್ತಿತ್ತು. ಅಶ್ಮಿತಾಳ ಕಂಪ್ಯೂಟರಿನಲ್ಲಿ ಪಟ್ಟಿ ಸರಿಯಾಗಿಯೇ ಕಂಡಿರಬೇಕು. ಕಂಪೈಲ್ ಆಗಿ ಬ್ರೌಸರಿಗೆ ಬಂದಾಗ ಹೆಸರಿನ ಚೌಕ ಅದರ ಮೇಲೆ ಕೂತುಬಿಟ್ಟಿತ್ತು. ಇಂಥದ್ದನ್ನು ಹಿಡಿಯಲಿಕ್ಕೆಂದೇ ತನ್ನನ್ನು ಇಟ್ಟುಕೊಂಡಿದ್ದು. ಯಂತ್ರ ಹಿಡಿದಿತ್ತು ಕೂಡ. ಬಿಟ್ಟುಕೊಟ್ಟವನು ಮನುಷ್ಯ.

ಈಗ ನೆವಿಲ್‌ನ ತಲೆಯೊಳಗೆ ಒಂದು ಬುದ್ಧಿವಂತಿಕೆ ಬಂದು ಕುಳಿತುಕೊಂಡಿತು. ಈ ಒಂದು ಚಿತ್ರದ ಜಾಗಕ್ಕೆ ಹಳೆಯದನ್ನು ಮೆಲ್ಲಗೆ ವಾಪಸು ಕೂರಿಸಿ, ಪರೀಕ್ಷೆ ಮತ್ತೆ ಓಡಿಸಿದರೆ ಅದು ಕೆಂಪಾಗುತ್ತದೆ. ಆಗ "ಹಬ್ಬದ ದಿನವೂ ಬಂದು ಕೊನೆಯ ಸಲ ನೋಡಿದೆ, ದೊಡ್ಡ ತಪ್ಪೊಂದು ಸಿಕ್ಕಿತು" ಎಂದು ಗ್ರೂಪಿಗೆ ಹಾಕಬಹುದು. ಚಪ್ಪಾಳೆಯ ಚಿತ್ರಗಳು ಬೀಳುತ್ತವೆ. ಆಸ್ಪತ್ರೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಮೌಸಿನ ಮೇಲೆ ಕೈಯಿಟ್ಟೂ ಆಗಿತ್ತು. ಅವನನ್ನು ತಡೆದದ್ದು ಆತ್ಮಸಾಕ್ಷಿ ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ತಡೆದದ್ದು ಗಡಿಯಾರ. ಪರೀಕ್ಷೆ ಓಡಲು ನಲವತ್ತು ನಿಮಿಷ ಬೇಕು. ನಿಜ ಹೇಳಲು ಒಂದು ನಿಮಿಷ ಸಾಕು.

ರೂಪೇಶಣ್ಣನಿಗೆ ಮೂರು ಸಲ ಮಾಡಿದ, ಎತ್ತಲಿಲ್ಲ. ಅಶ್ಮಿತಾಳ ಫೋನ್ ಬಂದ್. ವಾರ್ಡಿನೊಳಗೆ ಫೋನ್ ಬಂದ್ ಇಡಬೇಕೆಂಬ ನಿಯಮವನ್ನು ಪಾಲಿಸುವವಳು ಇಡೀ ಮಂಗಳೂರಿನಲ್ಲಿ ಅವಳೊಬ್ಬಳೇ ಇರಬೇಕು. ಕೊನೆಗೆ ಗೋಡೆಯ ಮೇಲಿನ ಪಟ್ಟಿಯಲ್ಲಿ ವಾರ್ಡಿನ ಲ್ಯಾಂಡ್‌ಲೈನ್ ಸಂಖ್ಯೆ ಸಿಕ್ಕಿತು. ಎತ್ತಿದ್ದು ವಾರ್ಡಿನ ಹಿರಿಯ ನರ್ಸ್ ಸಿಸ್ಟರ್ ರೊಸಾಲಿನ್. ಎರಡು ಸಲ ಟ್ರೇನಿಂಗಿಗೆ ಬಂದು, ಗುಂಡಿಗಳು ಸಣ್ಣವಾದವೆಂದು ಎರಡು ಸಲವೂ ಜಗಳ ಮಾಡಿ ಹೋದವರು.

"ಸಿಸ್ಟರ್, ನಾನು ನೆವಿಲ್, ರೂಪೇಶಣ್ಣನ ಆಫೀಸಿಂದ. ಎರಡು ಗಂಟೆಗೆ ಹೊಸದು ಶುರು ಮಾಡ್ಬೇಡಿ."

"ಎರಡು ಗಂಟೆಗೆ ಎಂತ? ಹನ್ನೆರಡಕ್ಕೇ ಶುರು ಆಯ್ತಲ್ಲ. ಶಿಫ್ಟ್ ಬದಲಾಗುವಾಗ ಗಡಿಬಿಡಿ ಬೇಡ ಅಂತ ನಾನೇ ಬೇಗ ಮಾಡಿಸಿದ್ದು."

ನೆವಿಲ್ ಸೇತುವೆಯ ಬಳಿ ಟ್ಯಾಂಕರಿನ ಹಿಂಬದಿ ಓದುತ್ತಿದ್ದ ಹೊತ್ತಿಗೆ ಅಲ್ಲಿ ಶುರುವಾಗಿ ಹೋಗಿತ್ತು.

"ಸಿಸ್ಟರ್, ಹೊಸದರಲ್ಲಿ ಅಲರ್ಜಿಯ ಕೆಂಪು ಪಟ್ಟಿ ಕಾಣುವುದಿಲ್ಲ. ಹೆಸರಿನ ಅಡಿಗೆ ಹೋಗಿದೆ. ಅಲರ್ಜಿ ಇದ್ದವರಿಗೂ ಇಲ್ಲದ ಹಾಗೆ ತೋರಿಸ್ತದೆ."



"ಟೆಸ್ಟ್ ಮಾಡಿ ಆಗಿದೆ ಅಂತ ನಿಮ್ಮ ಯಜಮಾನರು ಈಗ ತಾನೇ ಎದೆ ತಟ್ಟಿ ಹೇಳಿದ್ರಲ್ಲ?"

"ಮಾಡಿದ್ದು ನಾನೇ ಸಿಸ್ಟರ್. ಚಿತ್ರ ನೋಡಲಿಲ್ಲ. ನೋಡದೆ ಒಪ್ಪಿದೆ."

"ನೋಡದೆ ಒಪ್ಪಿದ್ದಾ?"

"ಹೌದು."

"ಫೋನ್ ಇಡ್ಬೇಡ" ಎಂದರು ರೊಸಾಲಿನ್. ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು ಬಂತು.

ಅಲ್ಲಿಂದ ಮುಂದೆ ನೆವಿಲ್‌ಗೆ ಬರೀ ಸದ್ದುಗಳು. ಚಪ್ಪಲಿಯ ಓಟ. ಟ್ರಾಲಿಯ ಚಕ್ರ. "ಶರ್ಲಿ, ಯಾರಿಗೂ ಎಂತದೂ ಕೊಡ್ಬೇಡ, ನಿಲ್ಲು!" ಎಂಬ ರೊಸಾಲಿನ್‌ರ ಕೂಗು. ಯಾರೋ ಕೆಮ್ಮಿದ್ದು. ಕಬ್ಬಿಣದ ತಟ್ಟೆಯೊಂದು ಕೆಳಗೆ ಬಿದ್ದದ್ದು. ಫೋನನ್ನು ಕಿವಿಗೆ ಒತ್ತಿ ಹಿಡಿದು ಅವನು ಎಣಿಸತೊಡಗಿದ. ಪ್ರಾರ್ಥನೆ ಮಾಡೋಣವೆಂದರೆ ಬೆಳಿಗ್ಗೆಯಷ್ಟೇ ಇಗರ್ಜಿಯಲ್ಲಿ ನಿಂತು ಸುಳ್ಳಿನ ಯೋಜನೆ ಹಾಕಿದ್ದು ನೆನಪಾಗಿ ಮೊದಲ ಸಾಲು ಕೂಡ ಬಾಯಿಗೆ ಬರಲಿಲ್ಲ. ಇನ್ನೂರ ಹತ್ತರ ಹೊತ್ತಿಗೆ ತಾಯಿಯ ಕರೆ ಅಡ್ಡ ಬಂತು, ಎತ್ತಲಿಲ್ಲ. ಇನ್ನೂರ ಅರವತ್ತಕ್ಕೆ ರಿಸೀವರ್ ಎತ್ತಿದ ಸದ್ದು.

"ಇದ್ದೀಯಾ?"

"ಇದ್ದೇನೆ ಸಿಸ್ಟರ್."

"ಅಲರ್ಜಿ ಇರುವವರು ಇಬ್ಬರು. ಒಬ್ಬರಿಗೆ ಇವತ್ತು ಎಂತದೂ ಇಲ್ಲ. ಹದಿನಾಲ್ಕನೇ ಬೆಡ್ಡಿನ ಐಸಮ್ಮನಿಗೆ ಒಂದು ಗಂಟೆಗೆ ಇಂಜೆಕ್ಷನ್ ಉಂಟು, ಅವರಿಗೆ ಆಗದ ಮದ್ದೇ. ಡಾಕ್ಟರು ಬೆಳಿಗ್ಗೆ 'ಮದ್ದು ಬದಲಾಯಿಸ್ತೇನೆ' ಅಂತ ಹೇಳಿ ಹೋದವರು ಬದಲಾಯಿಸಲಿಲ್ಲ. ಶರ್ಲಿ ತುಂಬಿಸಿ ಆಗಿತ್ತು."

"ಕೊಟ್ಟದ್ದಾ?"

"ಕೊಡಲಿಲ್ಲ. ಹೊಸ ಹುಡುಗಿ ಅವಳು, ಬಂದು ಹತ್ತು ದಿನ ಆಗಲಿಲ್ಲ. ಐಸಮ್ಮನ ಕೈಗೆ ಅಲರ್ಜಿಗೆ ಅಂತ ಕಟ್ಟಿದ ಕೆಂಪು ಬ್ಯಾಂಡ್ ನೋಡಿ ನಿಂತಿದ್ದಳು. 'ಬ್ಯಾಂಡ್ ಉಂಟು, ಸ್ಕ್ರೀನಿನಲ್ಲಿ ಇಲ್ಲ, ಯಾವುದು ಸರಿ ಸಿಸ್ಟರ್?' ಅಂತ ನನ್ನ ಹತ್ರ ಕೇಳ್ಲಿಕ್ಕೆ ಬರ್ತಾ ಇದ್ದಳು." ರೊಸಾಲಿನ್ ಉಸಿರು ಬಿಟ್ಟರು. "ನಿನ್ನ ಫೋನ್ ಬರದಿದ್ದರೆ ನಾನು ಎಂತ ಹೇಳ್ತಿದ್ದೆ ಗೊತ್ತುಂಟಾ? ಬ್ಯಾಂಡ್ ಹಳೆಯದಿರಬಹುದು, ಸ್ಕ್ರೀನ್ ಹೊಸದು, ಟೆಸ್ಟ್ ಆಗಿ ಬಂದದ್ದು, ಸ್ಕ್ರೀನ್ ನಂಬು ಅಂತ ಹೇಳುವವಳೇ."

ಅವರ ಹಿಂದೆ ರೂಪೇಶಣ್ಣನ ಧ್ವನಿ ಕೇಳಿತು.

"ನಿಮ್ಮ ಯಜಮಾನರು ಇಲ್ಲೇ ಇದ್ದಾರೆ. ತಗೋ."

"ಎಂತ ನೆವಿಲ್" ಎಂದರು ರೂಪೇಶಣ್ಣ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಎಷ್ಟು ನೋಡಿದ್ದಿ?"

"ಎಪ್ಪತ್ತನಾಲ್ಕು."

"ಮುನ್ನೂರ ಹದಿನೆಂಟರಲ್ಲಿ?"

"ಹೌದು."

"ನಿನಗೆ ಯಾವಾಗ ಗೊತ್ತಾದ್ದು?"

ಸುಳ್ಳು ಹೇಳಲು ಇದೇ ಕೊನೆಯ ಅವಕಾಶ ಎಂದು ನೆವಿಲ್‌ಗೆ ತಿಳಿಯಿತು. "ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಅನುಮಾನ ಬಂದದ್ದು. ಮೊದಲು ನಾನೇ ಗುಟ್ಟಾಗಿ ನೋಡುವ ಅಂತ ಆಫೀಸಿಗೆ ಬಂದೆ."

"ಅಯ್ಯೋ ದೇವೆರೇ" ಎಂದರು ರೂಪೇಶಣ್ಣ. "ಆ ಹಳೆಯ, ಹೊಸ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು ಇಲ್ಲಿಗೆ ಬಾ" ಎಂದರು.

ಹೊರಡುವ ಮೊದಲು ಅವನು ಮನೆಗೆ ಫೋನ್ ಮಾಡಿದ. "ಮಮ್ಮಿ, ನನಗೆ ಕಾಯ್ಬೇಡಿ. ಡ್ಯಾಡಿ ಹಂಚಲಿ." ಕಾರಣ ಕೇಳಿದರೆ ಹೇಳೋಣವೆಂದು ಕಾದ. ಆನಿ ಟೀಚರ್ ಕೇಳಲಿಲ್ಲ. "ಜಾಗ್ರತೆ ಬಿಡು ಸ್ಕೂಟರು" ಎಂದರು ಅಷ್ಟೇ.

ಆಸ್ಪತ್ರೆಯ ನಾಲ್ಕನೆಯ ಮಹಡಿ ತಲುಪುವಾಗ ಎರಡು ಗಂಟೆ ದಾಟಿತ್ತು. ವಾರ್ಡಿನ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಸಾಫ್ಟ್‌ವೇರು ಮತ್ತೆ ಓಡುತ್ತಿತ್ತು. ಟ್ಯಾಬುಗಳನ್ನು ಮೇಜಿನ ಮೂಲೆಯಲ್ಲಿ ಮುಖ ಕೆಳಗೆ ಮಾಡಿ ಪೇರಿಸಿದ್ದರು. ಅಶ್ಮಿತಾ ಗೋಡೆಗೆ ಒರಗಿ ನಿಂತಿದ್ದಳು.

"ನಿನ್ನ ಹಸಿರು ನೋಡಿ ನಾನು ಬ್ರೌಸರಿನಲ್ಲಿ ಮತ್ತೆ ತೆರೆದು ನೋಡಲಿಲ್ಲ" ಎಂದಳು. "ಬರೀ ನನ್ನ ಸಿಸ್ಟಮಿನಲ್ಲಿ ನೋಡಿದ್ದು. ಅದು ನನ್ನ ತಪ್ಪು. ಆದ್ರೆ ನೀನು ಇವತ್ತು ನನ್ನ ಮೆಸೇಜಿಗೆ ಉತ್ತರ ಕೊಡಲಿಲ್ಲ ನೋಡು, ಅದು ತಪ್ಪಲ್ಲ ನೆವಿಲ್. ಅದಕ್ಕೆ ಬೇರೆ ಹೆಸರು."

ಅವನಿಗೆ ಕ್ಷಮೆ ಕೇಳಬೇಕೆಂದಿತ್ತು. ಕೇಳಿದ ಕೂಡಲೇ ತನಗೆ ಹಗುರವಾಗುತ್ತದೆ, ಅವಳಿಗೆ ಆಗುವುದಿಲ್ಲ ಎಂದು ತೋರಿ ತಲೆ ಮಾತ್ರ ಆಡಿಸಿದ.

"ಕೆಲಸದಿಂದ ತೆಗೀತೀರಾ ರೂಪೇಶಣ್ಣ?"

"ಇವತ್ತು ಅದಕ್ಕೆ ಪುರುಸೊತ್ತಿಲ್ಲ" ಎಂದರು ರೂಪೇಶಣ್ಣ. "ಎಲ್ಲ ಒಟ್ಟಿಗೆ ಒಪ್ಪುವ ಆ ಗುಂಡಿಯನ್ನು ಅಶ್ಮಿತಾ ಈಗ ತೆಗೆದಳು. ಇನ್ನು ಒಬ್ಬ ತೆಗೆದ ಫೋಟೋವನ್ನು ಇನ್ನೊಬ್ಬ ಕೂತು ನೋಡದೆ ಒಪ್ಪುವ ಹಾಗಿಲ್ಲ. ಹಬ್ಬದ ರಜೆಯ ಆಸೆ ತೋರಿಸಿ ನಿನ್ನನ್ನು ಓಡಿಸಿದ್ದು ನಾನು, ಅದೂ ಉಂಟು. ಮತ್ತೆ ಹೊಸದು ಯಾವಾಗ ಅಂತ ಇನ್ನು ನಾವು ಹೇಳುವುದಲ್ಲ. ಅವರು ಹೇಳುವುದು."

ಅವರು ಎಂದರೆ ಸಿಸ್ಟರ್ ರೊಸಾಲಿನ್. ಶಿಫ್ಟ್ ಮುಗಿದು ಮನೆಗೆ ಹೋಗಬೇಕಾಗಿದ್ದವರು ಕನ್ನಡಕ ಏರಿಸಿಕೊಂಡು ನರ್ಸುಗಳ ಮೇಜಿನ ಬಳಿ ಕುಳಿತಿದ್ದರು. ಹದಿನಾಲ್ಕನೆಯ ಹಾಸಿಗೆಯಲ್ಲಿ ಮುದುಕಿಯೊಬ್ಬರು ಸೊಸೆಯ ಜತೆ ಬ್ಯಾರಿ ಭಾಷೆಯಲ್ಲಿ ಏನೋ ದೊಡ್ಡದಾಗಿ ತಕರಾರು ಮಾಡುತ್ತಿದ್ದರು. ಗಂಜಿ ತಣ್ಣಗಾಗಿದೆ ಎಂದಿರಬೇಕು. ಆ ಜಗಳದ ಸದ್ದನ್ನು ನೆವಿಲ್ ಒಂದು ಗಳಿಗೆ ನಿಂತು ಕೇಳಿದ. ಜೀವವಿದ್ದವರ ಜಗಳ.

"ಎಲ್ಲಿ, ನಿನ್ನ ಚಿತ್ರಗಳು ತೆಗಿ" ಎಂದರು ರೊಸಾಲಿನ್.

"ನೋಡದೆ ಬಿಟ್ಟದ್ದು ಎಪ್ಪತ್ತೈದರಿಂದ ಸಿಸ್ಟರ್. ಅಲ್ಲಿಂದ ಶುರು ಮಾಡುವ."

"ಒಂದರಿಂದ ತೆಗಿ."

ಒಂದನೆಯದು ಲಾಗಿನ್ ಪರದೆ. ಶನಿವಾರ ಬೆಳಿಗ್ಗೆ, ಕಣ್ಣು ಇನ್ನೂ ಉರಿಯದಿದ್ದಾಗ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೆವಿಲ್ ಎರಡು ನಿಮಿಷ ನೋಡಿದ್ದ ಚಿತ್ರ. ರೊಸಾಲಿನ್ ಐದು ಸೆಕೆಂಡು ನೋಡಿದರು.

"ಇಲ್ಲಿ ಹಿಂದಿನ ಶಿಫ್ಟಿನವಳ ಹೆಸರು ಹಾಗೇ ಕೂತಿದೆ ಅಲ್ವಾ? ನಮ್ಮವರು ಗಡಿಬಿಡಿಯಲ್ಲಿ ನೋಡದೆ ಒಳಗೆ ಹೋಗ್ತಾರೆ. ಮತ್ತೆ ಇವಳು ಕೊಟ್ಟ ಮದ್ದು ಅವಳ ಹೆಸರಲ್ಲಿ ಬೀಳ್ತದೆ. ನಾಳೆ ಏನಾದ್ರೂ ಆದ್ರೆ ಮನೆಯಲ್ಲಿ ಮಲಗಿದ್ದವಳನ್ನು ಕರೆದು ಕೇಳ್ತಾರೆ."

"ಅದು ಹಳೆಯ ಚಿತ್ರದಲ್ಲೂ ಹಾಗೇ ಇತ್ತು ಸಿಸ್ಟರ್. ಬದಲಾಗಲಿಲ್ಲ. ಹಾಗಾಗಿ..."

"ಹಾಗಾಗಿ ಸರಿಯಾ?"

ನಾಲ್ಕು ವರ್ಷದಿಂದ ನೆವಿಲ್ ನೋಡುತ್ತಿದ್ದದ್ದು ನಿನ್ನೆಯ ಹಾಗೆಯೇ ಇವತ್ತು ಇದೆಯೋ ಎಂದು. ನಿನ್ನೆಯದು ಸರಿಯಿತ್ತೋ ಎಂದು ಯಾರನ್ನೂ ಕೇಳಿರಲಿಲ್ಲ.

"ಇದು ನೀನು ನೋಡಿದ್ದರಲ್ಲಿ ಬರ್ತದಾ, ನೋಡದ್ದರಲ್ಲಾ?"

"ನೋಡಿದ್ದರಲ್ಲಿ."

"ಹಾಗಾದ್ರೆ ಕೂತ್ಕೋ" ಎಂದು ರೊಸಾಲಿನ್ ಕಾಲಿನಿಂದ ಪಕ್ಕದ ಸ್ಟೂಲನ್ನು ಅವನ ಕಡೆಗೆ ತಳ್ಳಿದರು. "ಊಟ ಆಗಿದೆಯಾ?"

"ಇಲ್ಲ."

"ನನಗೂ ಆಗಲಿಲ್ಲ. ಹತ್ತು ಚಿತ್ರ ಮುಗಿಸಿ ಕ್ಯಾಂಟೀನಿಗೆ ಹೋಗುವ."

ನೆವಿಲ್ ಕುಳಿತು ಎರಡನೆಯ ಚಿತ್ರವನ್ನು ತೆರೆದ. ಈ ಸಲ ಅವನು ಪರದೆಯನ್ನು ನೋಡಲಿಲ್ಲ. ಅದನ್ನು ನೋಡುತ್ತಿದ್ದ ಅವರ ಮುಖವನ್ನು ನೋಡುತ್ತಾ ಕಾದ.